ಮನೆಯಲ್ಲಿ ಓದಿಕೊಳ್ಳುವ ಪಾಠ

ಮೊನ್ನೆ ಹಳೆಯ ಬಟ್ಟೆಗಳಿಗೆ ಸ್ವಲ್ಪ ಬಿಸಿಲು ತೋರಿಸೋಣವೆಂದು ಪೆಟ್ಟಿಗೆ ತೆರೆದಾಗ ತಳದಲ್ಲಿ ಒಂದು ದಿಂಬಿನ ಚೀಲ ಸಿಕ್ಕಿತು. ಒಂದು ಕಾಲಕ್ಕೆ ಬಿಳಿಯದಾಗಿದ್ದದ್ದು ಈಗ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದೆ. ಮೂಲೆಯಲ್ಲಿ ನೇರಳೆ ದಾರದಿಂದ ಹಾಕಿದ ನಾಲ್ಕು ಹೂಗಳಿವೆ. ಕಸೂತಿಯ ಸೊಗಸಿನ ಬಗ್ಗೆ ನಾನು ಹೆಚ್ಚು ಹೇಳದಿರುವುದೇ ಮೇಲು. ಮೊದಲನೆಯ ಹೂವಿಗೆ ಆರು ಎಸಳು, ಎರಡನೆಯದಕ್ಕೆ ಐದು. ಮೂರನೆಯದನ್ನು ನೋಡಿ ಮೊಮ್ಮಗಳು ಇದು ಹೂವೋ ಜೇಡವೋ ಎಂದು ಕೇಳಿದಳು. ಇಂಥದನ್ನು ಯಾಕೆ ಜೋಪಾನ ಮಾಡಿದ್ದೀಯಜ್ಜಿ ಎಂದಳು. ಅದು ನನ್ನ ಹತ್ತನೆಯ ಕ್ಲಾಸಿನ ಜೀವಶಾಸ್ತ್ರದ ನೋಟ್ಸು ಎಂದೆ. ಅಜ್ಜಿಗೆ ಅರಳುಮರಳು ಶುರುವಾಯಿತೆಂದು ಅವಳು ತನ್ನ ತಾಯಿಯ ಮುಖ ನೋಡಿದಳು.

ನಾನು ಹೇಳಿದ್ದು ಮಾತ್ರ ಅಕ್ಷರಶಃ ನಿಜ. ಅರವತ್ತರ ದಶಕದ ಉದ್ದಕ್ಕೂ ನಾವು ಎರ್ನಾಕುಲಂನಲ್ಲಿದ್ದೆವು. ಅಪ್ಪ ಬ್ಯಾಂಕಿನಲ್ಲಿ ಅಧಿಕಾರಿ. ಊರು ಉಡುಪಿಯ ಕಡೆ, ವರ್ಗವಾದಲ್ಲಿ ವಾಸ. ನಾನು ಓದುತ್ತಿದ್ದ ಹೆಣ್ಣುಮಕ್ಕಳ ಕಾನ್ವೆಂಟ್ ಶಾಲೆಯಲ್ಲಿ ಜೀವಶಾಸ್ತ್ರದ ಪುಸ್ತಕಕ್ಕೆ ಹತ್ತೊಂಬತ್ತು ಪಾಠಗಳಿದ್ದವು. ತಂಕಮ್ಮ ಟೀಚರ್ ಎಂಬವರು ಅದರಲ್ಲಿ ಹದಿನೆಂಟನ್ನು ಎಷ್ಟು ಚೆನ್ನಾಗಿ ಮಾಡುತ್ತಿದ್ದರೆಂದರೆ, ಕಪ್ಪೆಯ ಹೃದಯವನ್ನು ನಾನು ಈಗಲೂ ಕಣ್ಣು ಮುಚ್ಚಿ ಬರೆಯಬಲ್ಲೆ. ಹದಿನೆಂಟು ಮುಗಿದ ದಿನ ಅವರು ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡು, "ಇನಿಯುಳ್ಳದು ವೀಟ್ಟಿಲ್ ವಾಯಿಚ್ಚಾಲ್ ಮದಿ" ಎಂದರು. ಇನ್ನುಳಿದದ್ದನ್ನು ಮನೆಯಲ್ಲಿ ಓದಿಕೊಂಡರೆ ಸಾಕು ಎಂದರ್ಥ. ಉಳಿದದ್ದು ಒಂದೇ ಪಾಠ, ಮನುಷ್ಯರ ಸಂತಾನೋತ್ಪತ್ತಿ. ಅದಕ್ಕೆಂದು ವೇಳಾಪಟ್ಟಿಯಲ್ಲಿ ನಾಲ್ಕು ಪೀರಿಯಡ್ಡುಗಳಿದ್ದವು. ನಾಲ್ಕು ಪೀರಿಯಡ್ಡೂ ನಮ್ಮನ್ನು ಸಾಲಾಗಿ ನಡೆಸಿಕೊಂಡು ಹೋಗಿ ಹೊಲಿಗೆ ಕಲಿಸುವ ಸಿಸ್ಟರಿಗೆ ಒಪ್ಪಿಸಿದರು. ಪೀರಿಯಡ್ಡಿಗೊಂದರಂತೆ ನಾಲ್ಕು ಹೂ. ಆ ಶಾಲೆಯಲ್ಲಿ ಓದಿದ ಪ್ರತಿಯೊಬ್ಬಳ ಬಳಿಯೂ ಇಂಥದೊಂದು ಇದ್ದೇ ಇರುತ್ತದೆ. ಕೆಲವರದು ಕರವಸ್ತ್ರ, ಕೆಲವರದು ಟ್ರೇಯ ಹೊದಿಕೆ. ನನಗಿಂತ ಒಂದು ವರ್ಷ ಮುಂದಿದ್ದವರಿಗೆ ಆ ವಾರ ಹೂವಿನ ಬದಲು ಬಾತುಕೋಳಿ ಬಂದಿತ್ತಂತೆ.

ಮನೆಯಲ್ಲಿ ಓದಿಕೊಳ್ಳಿ ಎಂದದ್ದನ್ನು ನಾನು ವಿಧೇಯಳಾಗಿ ಮನೆಗೆ ತಂದೆ. ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಚಿತ್ರ ನೋಡಲು ಯಾವ ಭಾಷೆ ಬೇಕು?

"ಇದು ಎಂತದು?" ಎಂದಳು ಅಮ್ಮ.

"ಪಾಠ. ಮನೆಯಲ್ಲಿ ಓದ್ಲಿಕ್ಕೆ ಹೇಳಿದ್ದಾರೆ."

"ಮನೆಯಲ್ಲಿ ಅಲ್ವಾ? ಹಾಗಾದ್ರೆ ಹೊತ್ತು ಬಂದಾಗ ನಾನು ಹೇಳ್ತೇನೆ. ನೀನು ಓದುದು ಬೇಡ."

ಹಾಗೆಂದು ಒಳಗೆ ಹೋಗಿ ಗಂಜಿಯ ಪಾತ್ರೆ ತಂದು, ಆ ಪಾಠದ ಆರು ಪುಟಗಳನ್ನು ಒಂದಕ್ಕೊಂದು ನೀಟಾಗಿ ಅಂಟಿಸಿಬಿಟ್ಟಳು. ಕೊಚ್ಚಿಯ ಹವೆ ಗೊತ್ತಲ್ಲ. ಒಣಹಾಕಿದ ಟವೆಲ್ಲು ಎರಡು ದಿನವಾದರೂ ತೇವ ಬಿಡುವುದಿಲ್ಲ. ಗಂಜಿಯ ರುಚಿಗೆ ಹುಳ ಬಂದು ಮಾರ್ಚ್ ತಿಂಗಳೊಳಗೆ ಇಡೀ ಪಾಠವನ್ನು ಪೂರೈಸಿತು. ನಮ್ಮ ಮನೆಯಲ್ಲಿ ಹತ್ತೊಂಬತ್ತನೆಯ ಪಾಠವನ್ನು ಮುಗಿಸಿದ್ದು ಅದೊಂದೇ. ಅಮ್ಮ ಹೇಳುತ್ತೇನೆಂದ ಹೊತ್ತು ಬರಲೇ ಇಲ್ಲ.

ಹಾಗೆಂದು ಅಮ್ಮ ಏನೂ ಹೇಳಲಿಲ್ಲವೆನ್ನುವುದು ಅನ್ಯಾಯ. ಹನ್ನೆರಡನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ನನಗೆ ಪ್ರಾಣಾಂತಿಕ ಕಾಯಿಲೆ ಬಂದಿದೆಯೆಂದು ಖಚಿತವಾಯಿತು. ಅಳುವುದಕ್ಕೂ ಮೊದಲು ನಾನು ಮಾಡಿದ ಕೆಲಸವೆಂದರೆ ನನ್ನ ಕಂಪಾಸು ಪೆಟ್ಟಿಗೆಯನ್ನು ತಮ್ಮನಿಗೆ ಬರೆದುಕೊಟ್ಟದ್ದು. ಅವನು ಅದನ್ನು ಅಮ್ಮನಿಗೆ ತೋರಿಸಿದ್ದರಿಂದ ವಿಷಯ ಹೊರಬಿತ್ತು. ಅಮ್ಮ ಮೂರು ವಾಕ್ಯದಲ್ಲಿ ನನ್ನನ್ನು ಬದುಕಿಸಿದಳು: "ಹೆದರಬೇಡ. ಎಲ್ಲರಿಗೂ ಆಗ್ತದೆ. ಯಾರಿಗೂ ಹೇಳ್ಬೇಡ." ಮೊದಲಿನ ಎರಡು ವಾಕ್ಯಗಳಿಂದ ಸಮಾಧಾನವಾಯಿತು. ಮೂರನೆಯದನ್ನು ನಾನು ಇನ್ನೂ ಹತ್ತು ವರ್ಷ ಪಾಲಿಸಿದೆ. ತಮ್ಮ ಕಂಪಾಸು ಪೆಟ್ಟಿಗೆಯನ್ನು ವಾಪಸು ಕೊಡಲಿಲ್ಲ.

ಆ ತಮ್ಮನದೇ ಒಂದು ಕತೆಯಿದೆ. ಅವನು ಹುಟ್ಟುವಾಗ ಅಮ್ಮ ಹಿನ್ನೀರಿನ ಆಚೆಯ ದಡದ ಆಸ್ಪತ್ರೆಯಲ್ಲಿದ್ದಳು. ಒಂದು ಬೆಳಿಗ್ಗೆ ಅಪ್ಪ ನನ್ನನ್ನು ಬೋಟಿನ ಜೆಟ್ಟಿಗೆ ಕರೆದೊಯ್ದು ನಿಲ್ಲಿಸಿದರು. ಬೋಟು ಬಂತು. ಬುಟ್ಟಿ, ಬಾಳೆಗೊನೆ, ಮೀನಿನವರ ನಡುವಿನಿಂದ ಅಮ್ಮ ಮಗುವನ್ನು ಎತ್ತಿಕೊಂಡು ಇಳಿದಳು. ಆಮೇಲೆ ಬಹಳ ಕಾಲ, ಮಕ್ಕಳು ಬೆಳಗಿನ ಮೊದಲ ಬೋಟಿಗೆ ಬರುತ್ತವೆಂದು ನಾನು ನಂಬಿದ್ದೆ. ಮಲಬಾರಿನ ಒಳನಾಡಿನಿಂದ ಬಂದ ಗೆಳತಿಯೊಬ್ಬಳು ತಮ್ಮಲ್ಲಿ ಬೋಟೇ ಇಲ್ಲವೆಂದಾಗ ಅವಳ ಊರಿನವರ ಬಗ್ಗೆ ನನಗೆ ಮರುಕವೆನಿಸಿತ್ತು.

ಇನ್ನು ಅಪ್ಪ. ನಾನು ಹೈಸ್ಕೂಲಿಗೆ ಬಂದ ವರ್ಷಗಳಲ್ಲಿ ಎಲ್ಲ ಗೋಡೆಗಳ ಮೇಲೂ, ಬಸ್ಸಿನ ಬೆನ್ನಿನ ಮೇಲೂ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರತೊಡಗಿತು. ಒಮ್ಮೆ ಬಸ್ಸಿನಲ್ಲಿ ಅಪ್ಪನನ್ನು ಕೇಳಿದೆ, "ಅಪ್ಪಾ, ಅದು ಎಂತ?"

ಅಪ್ಪ ಕಿಟಕಿಯ ಹೊರಗೆ ನೋಡಿದರು. ಅಲ್ಲಿಯೂ ಒಂದು ತ್ರಿಕೋನವಿತ್ತು. "ಅದು ಸಮಬಾಹು ತ್ರಿಕೋನ," ಎಂದರು. "ಒಳಗಿನ ಒಂದೊಂದು ಕೋನ ಎಷ್ಟು ಡಿಗ್ರಿ, ಹೇಳು ನೋಡುವ."

ಅರವತ್ತು ಎಂದೆ. ಅಪ್ಪನಿಗೆ ಸಂತೋಷವಾಯಿತು. ಸರಕಾರ ಜನರಿಗೆ ಜ್ಯಾಮಿತಿ ಕಲಿಸಲು ಇಷ್ಟು ಖರ್ಚು ಮಾಡುತ್ತಿದೆಯಲ್ಲ ಎಂದು ನನಗೂ ಹೆಮ್ಮೆಯಾಯಿತು. ಆ ಕಾಲದ ಸಮಾಜ ಹೀಗಿತ್ತು ನೋಡಿ. ಅಂಗಡಿ ಬಾಗಿಲ ಮೇಲೆ, ನೀರಿನ ಟ್ಯಾಂಕಿನ ಮೇಲೆ ಆಳೆತ್ತರಕ್ಕೆ ಬರೆದ ವಿಷಯವನ್ನು ತರಗತಿಯಲ್ಲಿ ಮಾತ್ರ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಇಂಥ ಗಟ್ಟಿ ತಳಹದಿಯ ಮೇಲೆ ನಾನು ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದೆ. ಕಾಲೇಜಿನಲ್ಲಿ ಜಿರಲೆಯದು, ಎರೆಹುಳದ್ದು, ಮೊಲದ್ದು ಎಲ್ಲ ಗೊತ್ತಾದ ಮೇಲೆ ಮನುಷ್ಯರದ್ದು ಏನಿರಬಹುದೆಂಬುದು ತಾನಾಗಿ ಅಂದಾಜಾಯಿತು. ಬಿ.ಎಡ್. ಆಯಿತು, ಮದುವೆಯಾಯಿತು. ನನ್ನ ಗಂಡ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಬೆಳೆ ಸಂಶೋಧನೆಯ ಕೆಲಸದಲ್ಲಿದ್ದರು. ಅವರ ವಿಷಯ ಮರಗೆಣಸು. ಊಟಕ್ಕೆ ಕುಳಿತರೆ ಮರಗೆಣಸಿನ ಗಂಡು ಹೂ ಯಾವಾಗ ಅರಳುತ್ತದೆ, ಹೆಣ್ಣು ಹೂ ಯಾವಾಗ, ಪರಾಗ ಹೇಗೆ ಮುಟ್ಟಿಸಬೇಕು ಎಂಬುದನ್ನೆಲ್ಲ ಎಗ್ಗಿಲ್ಲದೆ ಹೇಳುವರು. ನಾನು ಬಸುರಿಯಾದಾಗ ಮಾತ್ರ ಊರಿಗೆ ಬರೆದ ಕಾಗದದಲ್ಲಿ "ಇವಳಿಗೆ ಸ್ವಲ್ಪ ಮೈಯಲ್ಲಿ ಹುಷಾರಿಲ್ಲ, ಸಂತೋಷದ ವಿಷಯ" ಎಂದು ಬರೆದಿದ್ದರು.

ಅಲ್ಲಿಯೇ ನಗರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಜೀವಶಾಸ್ತ್ರದ ಟೀಚರ್ ಕೆಲಸ ಸಿಕ್ಕಿತು. ಪುಸ್ತಕ ಬದಲಾಗಿತ್ತು, ಹತ್ತೊಂಬತ್ತನೆಯದಾಗಿದ್ದ ಪಾಠ ಹದಿನಾಲ್ಕನೆಯದಾಗಿತ್ತು. ಐದು ಪಾಠದಷ್ಟು ಮುಂದೆ ಬಂದಿತ್ತಾದ್ದರಿಂದ ವರ್ಷ ಮುಗಿಯಿತೆಂಬ ನೆಪ ಹೇಳುವಂತಿರಲಿಲ್ಲ. ನಾನು ಏನು ಮಾಡಿದೆನೆಂದು ನೀವು ಊಹಿಸಬಹುದು. ಮೊದಲನೆಯ ವರ್ಷ ಆ ಪಾಠಕ್ಕೆ ಬಂದ ದಿನ ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡು, ತಂಕಮ್ಮ ಟೀಚರರ ಮಾತನ್ನೇ ಅವರ ಧ್ವನಿಯಲ್ಲೇ ಹೇಳಿದೆ. ಹೊಲಿಗೆಯ ಟೀಚರ್ ನಮ್ಮಲ್ಲಿರಲಿಲ್ಲ. ಅದಕ್ಕೆ ಬದಲಾಗಿ ಹದಿಮೂರನೆಯ ಪಾಠವಾದ ಕಣ್ಣನ್ನು ಇನ್ನೊಮ್ಮೆ ಮಾಡಿದೆ. ಮೂರು ವರ್ಷ ಹೀಗೇ ನಡೆಯಿತು. ತಿರುವನಂತಪುರದಲ್ಲಿ ಆ ವಯಸ್ಸಿನ ಹೆಂಗಸರು ಯಾರಾದರೂ ಕಣ್ಣಿನ ರಚನೆಯನ್ನು ಅತಿಯಾಗಿ ಬಲ್ಲವರಿದ್ದರೆ, ಅವರು ನನ್ನ ಶಿಷ್ಯೆಯರು.

ಈಗ ಕಮಲಾಬಾಯಿಯವರ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಸುತ್ತು ಬಳಸಿದ್ದು ಅಲ್ಲಿಗೆ ಬರಲು ಮನಸ್ಸಿಲ್ಲದೆ.

ಕಮಲಾಬಾಯಿ ಕುಲಕರ್ಣಿ ನಮ್ಮ ಪಕ್ಕದ ಮನೆಯವರು, ಧಾರವಾಡದವರು. ಗಂಡ ತುಂಬಾ ಎಂಬಲ್ಲಿನ ರಾಕೆಟ್ ಕೇಂದ್ರದಲ್ಲಿ ಇಂಧನದ ಮೇಲೆ ಕೆಲಸ ಮಾಡುತ್ತಿದ್ದ ವಿಜ್ಞಾನಿ, ಎಂ.ಎಸ್ಸಿ. ಓದಿದ ಮಿತಭಾಷಿ. ಬೆಳಿಗ್ಗೆ ಆಫೀಸಿನ ಬಸ್ಸು ಹತ್ತಿದರೆ ಸಂಜೆಯೇ ಬರುವುದು. ಕಮಲಾಬಾಯಿಗೆ ಮಲಯಾಳ ಹತ್ತು ಮಾತಿಗಿಂತ ಹೆಚ್ಚು ಬರುತ್ತಿರಲಿಲ್ಲ. ಹಾಗಾಗಿ ಅವರ ಸುಖದುಃಖಕ್ಕೆಲ್ಲ ನಾನೇ. "ನಿಮ್ಮ ಕನ್ನಡ ಪುಸ್ತಕ ಓದಿಧಾಂಗ ಇರ್ತದ್ರೀ, ಆದ್ರೂ ಕಿವಿಗೆ ಕನ್ನಡ ಬಿತ್ತಲ್ಲ, ಸಾಕು," ಎನ್ನುತ್ತಿದ್ದರು. ಅವರ ಹಿರಿಯ ಮಗಳು ವಿಜಯಾ ನನ್ನ ಶಾಲೆಯಲ್ಲೇ ಓದುತ್ತಿದ್ದಳು. ತಾಯಿ ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರಿಸುವಳು. ಎರಡನೆಯವಳು ಸುನಂದಾ. ಮೂರನೆಯದರ ಬಸುರಿಯಾಗಿದ್ದಾಗಲೇ ಅವರು ನಮ್ಮ ಪಕ್ಕಕ್ಕೆ ಬಂದದ್ದು.

ಧಾರವಾಡದಿಂದ ಅತ್ತೆಯ ಕಾಗದ ತಿಂಗಳಿಗೊಂದು ಬರುತ್ತಿತ್ತು. ಅದರಲ್ಲಿ ಬೇರೆ ಏನಿದ್ದರೂ ಒಂದು ಮಾತು ತಪ್ಪುತ್ತಿರಲಿಲ್ಲ: ಮನೆತನಕ್ಕೊಂದು ಗಂಡು ಕೊಡದ ಸೊಸೆ. ಕುಲಕರ್ಣಿಯವರು ಕಾಗದವನ್ನು ಗಟ್ಟಿಯಾಗಿ ಓದಿ, ಮಡಿಚಿ, ಗೂಡಿನಲ್ಲಿಟ್ಟು, ಏನೂ ಹೇಳದೆ ಊಟಕ್ಕೆ ಕೂರುತ್ತಿದ್ದರು. ಕಮಲಾಬಾಯಿ ಗಂಡುಮಗುವಿಗಾಗಿ ಇಪ್ಪತ್ತೊಂದು ಮಂಗಳವಾರದ ಹರಕೆ ಹೊತ್ತಿದ್ದರು. ಹತ್ತಿರದ ಕಾವಿಗೆ, ಅಂದರೆ ನಾಗಬನಕ್ಕೆ ಹೋಗಿ, ಹಾಲಿಟ್ಟು, ಇಪ್ಪತ್ತೊಂದು ಸುತ್ತು ಬರಬೇಕು. ಉಡುಪಿ ಕಡೆಯವಳಾದ ನನಗೆ ನಾಗನ ವಿಷಯ ಹೇಳಿಕೊಡಬೇಕೆ? ನಾನೇ ಅವರ ಜೊತೆ ಹೋಗುತ್ತಿದ್ದೆ. ಸುತ್ತು ಎಣಿಸುವ ಕೆಲಸ ನನ್ನದು. ಹೊಟ್ಟೆ ಮುಂದಕ್ಕೆ ಚೂಪಾಗಿದೆ, ಈ ಸಲ ಗಂಡೇ ಎಂದು ಭವಿಷ್ಯ ನುಡಿದದ್ದೂ ನಾನೇ. ಅದೇ ವಾರ ಶಾಲೆಯಲ್ಲಿ ಎರಡನೆಯ ಸಲ ಕಣ್ಣಿನ ಪಾಠ ನಡೆದಿತ್ತು.

ಮೂರನೆಯದೂ ಹೆಣ್ಣಾಯಿತು. ಹೆರಿಗೆ ಬಹಳ ಕಷ್ಟವಾಗಿತ್ತು. ನಾನು ನೋಡಲು ಹೋದಾಗ ಕಮಲಾಬಾಯಿ ಮಂಚದ ಮೇಲೆ ಬೆಳ್ಳಗೆ ಬಿಳಿಚಿಕೊಂಡು ಮಲಗಿದ್ದರು. "ಮತ್ತ ಹೆಣ್ಣ ಆತ್ರೀ," ಎಂದರು, ನನ್ನಿಂದ ಎರವಲು ಪಡೆದ ಪಾತ್ರೆ ಒಡೆದುಹಾಕಿದವರ ಹಾಗೆ. ಡಾಕ್ಟರಮ್ಮ ಮಲಯಾಳದಲ್ಲಿ ಹೇಳಿದ್ದನ್ನು ಅವರಿಗೂ ಅವರ ಗಂಡನಿಗೂ ಕನ್ನಡಕ್ಕೆ ತಿರುಗಿಸಿ ಹೇಳಿದವಳು ನಾನು. ಇನ್ನೊಂದು ಹೆರಿಗೆ ಬೇಡ, ಜೀವಕ್ಕೆ ಅಪಾಯ. ಕುಲಕರ್ಣಿಯವರು ತಲೆಯಾಡಿಸಿದರು.

ಎರಡು ವರ್ಷವಾಯಿತು. ಧಾರವಾಡದ ಕಾಗದಗಳು ನಿಲ್ಲಲಿಲ್ಲ. ಒಂದು ದಿನ ಅಕ್ಕಿ ಆರಿಸುತ್ತ ಕಮಲಾಬಾಯಿ ಹೇಳಿದರು, "ಇನ್ನೊಂದ ಸಲ ನೋಡೂಣು ಅಂತ ಮಾಡೇನ್ರೀ. ದೀಪಾವಳಿಗೆ ಸಣ್ಣಾಕಿಗೆ ಹಾಲು ಬಿಡಸ್ತೀನಿ."

"ಡಾಕ್ಟರು ಏನು ಹೇಳಿದ್ದರು, ನೆನಪುಂಟಲ್ಲ?"

"ನೆನಪದ. ಆದ್ರ ತಪ್ಪು ನಂದ ಅದ ಅಲ್ರೀ? ನನ್ನ ಹೊಟ್ಟ್ಯಾಗ ಗಂಡು ನಿಲ್ಲವಲ್ದು. ಅವರದೇನ ತಪ್ಪದ, ಪಾಪ. ನಾನ ತೀರಿಸಬೇಕು."

ಆಗ ನಾನು ಹೇಳಬಹುದಿತ್ತು. ಹೇಳುವುದಕ್ಕೆ ಎರಡು ನಿಮಿಷ ಸಾಕಿತ್ತು. ಆದರೆ ಅದನ್ನು ಹೇಳುವ ಕನ್ನಡ ನನ್ನ ಬಾಯಲ್ಲಿರಲಿಲ್ಲ. ಅಮ್ಮನ ಕನ್ನಡದಲ್ಲಿ ಆ ಪದಗಳಿಲ್ಲ; ನನಗೆ ಗೊತ್ತಿದ್ದದ್ದು ಪರೀಕ್ಷೆಯ ಇಂಗ್ಲಿಷು. ಬೇರೆಯವರ ಗಂಡ ಹೆಂಡಿರ ವಿಷಯ ಎಂಬ ಸಂಕೋಚ ಬೇರೆ. "ದೇವರಿದ್ದಾನೆ," ಎಂದು ಹೇಳಿ ಅಕ್ಕಿಯಲ್ಲಿ ಕಲ್ಲು ಹುಡುಕಿದೆ.

ಆ ವರ್ಷ ಒಂದು ವಿಶೇಷ ನಡೆಯಿತು. ಹಿಂದಿನ ಮಾರ್ಚಿನ ಪಬ್ಲಿಕ್ ಪರೀಕ್ಷೆಯಲ್ಲಿ ಯಾರೋ ಪುಣ್ಯಾತ್ಮರು ಆ ಪಾಠದಿಂದ ಹತ್ತು ಅಂಕದ ಪ್ರಶ್ನೆ ಹಾಕಿದ್ದರು. ನಮ್ಮ ಶಾಲೆಯ ಇಡೀ ಹತ್ತನೆಯ ಕ್ಲಾಸು ಆ ಹತ್ತು ಅಂಕ ಕಳೆದುಕೊಂಡಿತು. ಒಬ್ಬಳಂತೂ ಗರ್ಭಕೋಶದ ಚಿತ್ರ ಬರೆಯಿರಿ ಎಂದಲ್ಲಿ ಕಣ್ಣಿನ ಚಿತ್ರ ಬರೆದು ಎಲ್ಲ ಭಾಗಗಳನ್ನೂ ಗುರುತಿಸಿದ್ದಳಂತೆ. ಕೇರಳದಲ್ಲಿ ನಾಚಿಕೆಗೆ ಬೆಲೆಯಿಲ್ಲವೆಂದಲ್ಲ, ಆದರೆ ಅಂಕಕ್ಕೆ ಇರುವಷ್ಟಿಲ್ಲ. ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದರು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು, ಬಿಳಿ ಸೀರೆಯ ಗಂಭೀರ ಹೆಂಗಸು.

"ಮಾಲತೀ, ಇಕ್ಕೊಲ್ಲಂ ಪಠಿಪ್ಪಿಕ್ಕಣಂ," ಎಂದರು. ಈ ವರ್ಷ ಪಾಠ ಮಾಡಲೇಬೇಕು. ಸ್ವಲ್ಪ ಹೊತ್ತು ಮೇಜಿನ ಮೇಲಿನ ಗ್ಲೋಬನ್ನು ತಿರುಗಿಸಿದರು. "ಜನಲ್ ಅಡಚ್ಚೋಳೂ." ಕಿಟಕಿ ಮುಚ್ಚಿಕೋ ಎಂದರ್ಥ.

ಮುಚ್ಚಿದೆ. ಬಾಗಿಲಿಗೆ ಚಿಲಕವನ್ನೂ ಹಾಕಿದೆ. ಗಂಟೆ ಬಾರಿಸುವ ಮುದುಕ ವರ್ಗೀಸ್ ಚೇಟ್ಟನನ್ನು, ಕಿವಿ ಮಂದವಾಗಿದ್ದರೂ, ಇನ್ನೊಂದು ಕಟ್ಟಡಕ್ಕೆ ಅಟ್ಟಿಸಿದೆ. ದೀಪಾವಳಿಗೆ ಇನ್ನೂ ವಾರವಿದ್ದ ನವೆಂಬರಿನ ಸೆಕೆ, ಫ್ಯಾನಿಲ್ಲ, ನಲವತ್ತೆರಡು ಹುಡುಗಿಯರು. ನಾನು ಎರಡು ಪೀರಿಯಡ್ಡೂ ಕರಿಹಲಗೆಯ ಕಡೆಗೇ ತಿರುಗಿ ನಿಂತು ಪಾಠ ಮಾಡಿದೆ. ಹುಡುಗಿಯರಿಗೆ ನನ್ನ ಜಡೆಯೊಂದೇ ಕಂಡದ್ದು. ಮೊದಲ ಹತ್ತು ನಿಮಿಷ ಹಿಂದೆ ಕಿಸಿಕಿಸಿ ಕೇಳಿಸಿತು. ಆಮೇಲೆ ಅದು ನಿಂತು ಪೆನ್ನುಗಳ ಸದ್ದು ಮಾತ್ರ ಉಳಿಯಿತು. ಅವರು ಇಷ್ಟು ಗಮನವಿಟ್ಟು ಹಿಂದೆಂದೂ ಬರೆದುಕೊಂಡಿರಲಿಲ್ಲ. ಪಾಠದ ಕೊನೆಗೆ ಅರ್ಧ ಪುಟ, ಮಗು ಗಂಡೋ ಹೆಣ್ಣೋ ಆಗುವುದು ಹೇಗೆ ಎಂಬುದು. ತಾಯಿಯಲ್ಲಿ ಎರಡೂ ಎಕ್ಸ್, ತಂದೆಯಲ್ಲಿ ಒಂದು ಎಕ್ಸ್ ಒಂದು ವೈ. ಚೌಕ ಎಳೆದು, ಗೆರೆ ಕೂಡಿಸಿ ಮುಗಿಸಿ, ಕೈ ಒರೆಸಿಕೊಂಡೆ.

ಆ ವರ್ಷ ಹತ್ತನೆಯ ಕ್ಲಾಸಿಗೆ ಬಂದಿದ್ದ ವಿಜಯಾ ಮೂರನೆಯ ಬೆಂಚಿನಿಂದ ಎದ್ದು ನಿಂತಳು. "ಅಪ್ಪೋ ಅದು ಅಮ್ಮೇಡೆ ಕುಟ್ಟಮಲ್ಲ, ಅಲ್ಲೇ ಟೀಚರೇ?" ಎಂದಳು. ಹಾಗಾದರೆ ಅದು ಅಮ್ಮನ ತಪ್ಪಲ್ಲ, ಅಲ್ಲವೇ ಎಂದು.

ನನಗೆ ಅವಳ ಮುಖ ನೋಡಲಾಗಲಿಲ್ಲ. "ಆ ಪ್ರಶ್ನೆ ಪರೀಕ್ಷೆಗೆ ಬರುವುದಿಲ್ಲ. ಚಿತ್ರ ಬರೆದುಕೋ, ಮೂರು ಅಂಕ," ಎಂದೆ. ಅವಳು ಕುಳಿತು ಬರೆದುಕೊಂಡಳು.

ಆ ಶನಿವಾರ ಮಧ್ಯಾಹ್ನ ಕಮಲಾಬಾಯಿ ಬಂದರು. ನನ್ನ ಗಂಡ ಗೆಣಸಿನ ತೋಟಕ್ಕೆ ಹೋಗಿದ್ದರು. ಯಾವಾಗಲೂ ಅಡುಗೆಮನೆಯ ಮೆಟ್ಟಿಲ ಮೇಲೆ ಕೂರುವವರು ಅಂದು ನಿಂತೇ ಇದ್ದರು. ಮಗಳಿಗೆ ಇಂಥದನ್ನೆಲ್ಲ ಕಲಿಸಿದಿರಾ ಎಂದು ಜಗಳ ತೆಗೆಯಲು ಬಂದಿದ್ದಾರೆಂದೇ ನಾನು ತಿಳಿದೆ. ಹೆಡ್‌ಮಿಸ್ಟ್ರೆಸ್ಸರ ಅಪ್ಪಣೆಯಾಗಿತ್ತು ಎಂಬ ಉತ್ತರವನ್ನೂ ತಯಾರು ಮಾಡಿಕೊಂಡೆ.

"ವಿಜಯಾ ಏನೋ ಹೇಳಿದ್ಲ್ರೀ," ಎಂದರು. "ನಿಮ್ಮ ಪುಸ್ತಕದಾಗ ಬರದದಂತ. ನನಗ ತಿಳೀಲಿಲ್ಲ. ಅಕೀಗೆ ಕನ್ನಡದಾಗ ಹೇಳಾಕ ಬರವಲ್ದು. ನೀವು ಹೇಳ್ರಿ."

ಪದಗಳಿಲ್ಲದ ನನ್ನ ಕಷ್ಟ ಹೇಳಿದೆನಲ್ಲ. ಅಡುಗೆಮನೆಯ ಕಾಳಿನ ಡಬ್ಬಿಗಳನ್ನು ತೆಗೆದೆ. ತಟ್ಟೆಯ ಒಂದು ಬದಿಗೆ ಎರಡು ಕಡಲೆಕಾಳು ಇಟ್ಟು, ಇದು ನೀವು ಎಂದೆ. ಇನ್ನೊಂದು ಬದಿಗೆ ಒಂದು ಕಡಲೆ, ಒಂದು ಅವರೆ ಇಟ್ಟು, ಇದು ಅವರು. ಒಂದು ಮಗು ಆಗಬೇಕಾದರೆ ಈ ಕಡೆಯಿಂದ ಒಂದು ಕಾಳು, ಆ ಕಡೆಯಿಂದ ಒಂದು. ಎರಡೂ ಕಡಲೆಯಾದರೆ ಹೆಣ್ಣು. ಕಡಲೆಯ ಜೊತೆ ಅವರೆ ಬಂದರೆ ಗಂಡು. ಯಾವುದು ಬರುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ.

ಕಮಲಾಬಾಯಿ ಈಗ ಕುಳಿತರು. ತಾವೇ ಕಾಳುಗಳನ್ನು ಸರಿಸಿ ನೋಡಿದರು. ತಮ್ಮ ಬದಿಯಿಂದ ಎಡಗಡೆಯದನ್ನು ತೆಗೆದರು. ಅದನ್ನಿಟ್ಟು ಬಲಗಡೆಯದನ್ನು ತೆಗೆದರು. ಇನ್ನೊಮ್ಮೆ ಮೊದಲಿನಿಂದ ಮಾಡಿದರು.

"ನನ್ನ ಕಡಿಂದ ಯಾವುದು ತಗೊಂಡ್ರೂ ಕಡ್ಲಿನ," ಎಂದರು.

"ಹೌದು."

"ಅವರಿಕಾಳು ನನ್ನ ಹಂತ್ಯಾಕ ಇಲ್ಲ. ಇಲ್ಲದ್ದನ್ನ ನಾ ಎಲ್ಲಿಂದ ಕೊಡ್ಲಿ?"

"ಇಲ್ಲ. ಕೊಡಲಿಕ್ಕೆ ಆಗುವುದಿಲ್ಲ."

ಕಮಲಾಬಾಯಿ ಅವರೆಕಾಳನ್ನು ಎತ್ತಿ ಗಂಡನ ಬದಿಗೇ ಇಟ್ಟರು. ಪಕ್ಕದ ಮನೆಯಲ್ಲಿ ಚಿಕ್ಕ ಮಗು ಅಳುವುದೂ ವಿಜಯಾ ರಮಿಸುವುದೂ ಕೇಳಿಸುತ್ತಿತ್ತು. ಆಮೇಲೆ ಕೇಳಿದರು, "ಇದು ಅವರಿಗೆ ಗೊತ್ತದೇನ್ರೀ?"

ನಾನು ಕುಲಕರ್ಣಿಯವರನ್ನು ಉಳಿಸಲು ನೋಡಿದೆ. "ಅವರದು ಕೆಮಿಸ್ಟ್ರಿ ಅಲ್ವಾ, ಇದು ಬೇರೆ ಶಾಸ್ತ್ರ..."

"ಹತ್ತನೇ ಕ್ಲಾಸಿನ ಪಾಠ ಅಂದ್ಲು ವಿಜಯಾ. ಅವರು ಎಂ.ಎಸ್ಸಿ. ಮಾಡ್ಯಾರ."

"ಗೊತ್ತಿರಬಹುದು," ಎಂದೆ.

ಕಮಲಾಬಾಯಿ ತಲೆಯೆತ್ತಿ ನನ್ನನ್ನು ನೋಡಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಮಗಳಿಗೆ ಲೆಕ್ಕ ಬಂತೇ ಎಂದು ವಿಚಾರಿಸುವ ದನಿಯಲ್ಲೇ ಕೇಳಿದರು, "ನಿಮಗ?"

ಸುಳ್ಳು ಹೇಳಲು ಜಾಗವಿರಲಿಲ್ಲ. "ಗೊತ್ತಿತ್ತು," ಎಂದೆ.

ಅವರು ಎದ್ದರು. ಕಡಲೆಯನ್ನು ಕಡಲೆಯ ಡಬ್ಬಿಗೆ, ಅವರೆಯನ್ನು ಅವರೆಯ ಡಬ್ಬಿಗೆ ಹಾಕಿ, ತಟ್ಟೆಯನ್ನು ತೊಳೆದು ಬೋರಲು ಹಾಕಿ, ಸೆರಗು ಹೊದ್ದು ಹೊರಟುಹೋದರು. ನನಗೆ ಆವತ್ತು ಆದದ್ದು ನಾಚಿಕೆ. ಕಿಟಕಿ ಮುಚ್ಚಿಸಿದ ನಾಚಿಕೆಯಲ್ಲ, ಬೇರೆಯದು. ಅದಕ್ಕಿಂತ ಮೊದಲೂ ಆಮೇಲೂ ನಾನು ಅಷ್ಟು ಸಣ್ಣವಳಾದದ್ದು ನೆನಪಿಲ್ಲ.

ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ. ಬಾವಿಯ ಬಳಿ ಎದುರಾದರೆ "ನೀರಾತ್ರೀ?" ಎಂದು ಕೇಳುವರು, ಅಷ್ಟೇ. ನಾನಾಗಿ ಹೋಗುವ ಧೈರ್ಯ ನನಗಿರಲಿಲ್ಲ. ಸುದ್ದಿಯೆಲ್ಲ ವಿಜಯಾಳಿಂದ. ಅವಳ ಅಮ್ಮ ಮೊಟ್ಟಮೊದಲ ಸಲ ಧಾರವಾಡಕ್ಕೆ ತಾವೇ ಕಾಗದ ಬರೆದರಂತೆ. ನಾಲ್ಕು ಸಾಲು ಬರೆದು, ಕೆಳಗೆ ಒಂದು ಬದಿಗೆ ಎರಡು ಕಡಲೆ, ಇನ್ನೊಂದು ಬದಿಗೆ ಒಂದು ಕಡಲೆ, ಒಂದು ಅವರೆಯ ಚಿತ್ರ ಬಿಡಿಸಿದ್ದರಂತೆ. ಚಿತ್ರ ಅಷ್ಟೇನೂ ಚೆನ್ನಾಗಿರಲಿಲ್ಲ, ಅವರೆಕಾಳು ಗೋಡಂಬಿಯ ಹಾಗಿತ್ತು ಎಂದು ವಿಜಯಾ ಹೇಳಿದಳು. ಬರೆದದ್ದನ್ನು ಗಂಡನ ಕೈಗೆ ಕೊಟ್ಟು, ಓದಿ ಅಂಚೆಗೆ ಹಾಕಿ ಬರ್ರಿ ಎಂದರು. ಕುಲಕರ್ಣಿಯವರು ನಿಂತಲ್ಲೇ ಓದಿದರು, ಅಂದು ಗಟ್ಟಿಯಾಗಿ ಓದಲಿಲ್ಲ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ಅಂಚೆಡಬ್ಬಿಗೆ ಹಾಕಿ ಬಂದರು. ದೀಪಾವಳಿ ಎಂದೋ ಕಳೆದಿತ್ತು. ಚಿಕ್ಕವಳು ಇನ್ನೂ ತಾಯಿಯ ಹಾಲು ಕುಡಿಯುತ್ತಿದ್ದಳು.

ಜೂನ್ ತಿಂಗಳು, ಶಾಲೆ ಶುರುವಾಗುವ ಹಿಂದಿನ ದಿನ, ಬಾಗಿಲಲ್ಲಿ ನೆರಳು ಬಿತ್ತು. ಕಮಲಾಬಾಯಿ ನಿಂತಿದ್ದರು. ಏಳು ತಿಂಗಳಾಗಿತ್ತು ಅವರು ಆ ಹೊಸ್ತಿಲು ದಾಟಿ. ಒಂದು ಕೈಯಲ್ಲಿ ಎರಡನೆಯ ಮಗಳು ಸುನಂದಾಳ ರಟ್ಟೆ ಹಿಡಿದಿದ್ದರು. ಹನ್ನೊಂದು ವರ್ಷದ ಆ ಹುಡುಗಿ ತಾನೇನು ತಪ್ಪು ಮಾಡಿದೆನೆಂದು ತಿಳಿಯದೆ ನನ್ನನ್ನೂ ತಾಯಿಯನ್ನೂ ನೋಡುತ್ತಿದ್ದಳು.

"ಇಕಿಗೆ ಹೇಳ್ರಿ," ಎಂದರು ಕಮಲಾಬಾಯಿ. "ಈಗ ಹೇಳ್ರಿ. ಹತ್ತನೇ ಕ್ಲಾಸು ಬರೂತನಕ ಕಾಯೂದು ಬ್ಯಾಡ."

ಹುಡುಗಿಯನ್ನು ಬೆಂಚಿನ ಮೇಲೆ ಕೂರಿಸಿದರು. ನಾನು ಒಳಗಿನಿಂದ ಅವರಿಗೊಂದು ಕುರ್ಚಿ ತರಲು ಹೋದೆ. ತರುವಷ್ಟರಲ್ಲಿ ಅವರು ಮಗಳ ಪಕ್ಕದಲ್ಲೇ, ಅದೇ ಬೆಂಚಿನ ಮೇಲೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕುಳಿತಿದ್ದರು.

"ನಾನೂ ಕೇಳ್ತೀನಿ," ಎಂದರು. "ನನಗೂ ಯಾರೂ ಹೇಳಿಲ್ಲ. ಮೊದಲಿಂದ ಹೇಳ್ರಿ."